ಬಣ್ಣದ ಅಡಿಯ ಬೋಲ್ಟು

ಕುಂಬಳೆಯ ಲೂರ್ಡ್ಸ್ ನನ್ನ ಜೊತೆ ಶಾಲೆಗೆ ಬಂದವಳು. ಆಗಿನಿಂದಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ; ಕಷ್ಟವೆಂದರೆ, ಎಣಿಸಿ ನೋಡಿದರೆ ಮೂರೇ ಇರುತ್ತವೆ. ತಂದೆ ರೆಜಿನಾಲ್ಡ್ ತೀರಿಕೊಂಡಾಗ ಅವರ ಮೋಟರ್ ರಿಪೇರಿ ಅಂಗಡಿ ಮುಚ್ಚೆಂದು ಊರೆಲ್ಲ ಬುದ್ಧಿ ಹೇಳಿತು. ಇವಳು ಬಾಗಿಲು ತೆರೆದು ಕೂತಳು. ಮೀನಿನ ಬೋಟಿನವರು ಇವಳನ್ನು ಬೈಯುತ್ತಾರೆ, ಬೈದುಕೊಂಡೇ ಕರೆಯುತ್ತಾರೆ.

2011ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಮುಗಿದು ಬೋಟುಗಳು ಮೀನಿಗೆ ಹೊರಡುವ ದಿನ ಕರೆದವನು ಬೋಟಿನ ಯಜಮಾನ ಬಾವಾಕ. ಬೋಟುಗಳಿಗೆ ಐಸ್ ಹಾಕಿಸಲು ನಾನೂ ಕಾಸರಗೋಡಿನಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿದ್ದೆ. ಬಾವಾಕನ ಬೋಟಿನಲ್ಲಿ ಎಂಜಿನ್ ಓಡಿ ಬ್ಯಾಟರಿ ಚಾರ್ಜ್ ಆಗುವಾಗ ವಯರು ಕಾದು ಸುಟ್ಟ ವಾಸನೆ ಬರುತ್ತಿತ್ತು. ಮೆಕ್ಯಾನಿಕ್ ಒಬ್ಬ ದಪ್ಪ ವಯರು ಹಾಕಿಕೊಟ್ಟ, ಅದೂ ಕಾದಿತು. ಬಾವಾಕನ ಮಗ ಅಶ್ಕರ್ ಅದೇ ಬೋಟಿನಲ್ಲಿ ಹೋಗುವವನು. ನಡುಕಡಲಿನಲ್ಲಿ ವಯರು ಹೊತ್ತಿಕೊಂಡರೆ ಪಕ್ಕದಲ್ಲೇ ಡೀಸೆಲ್ ಟ್ಯಾಂಕು.

ಲೂರ್ಡ್ಸ್ ಎಂಜಿನ್ ಓಡಿಸಿ, ನಿಲ್ಲಿಸಿ, ವಯರನ್ನು ಉದ್ದಕ್ಕೂ ಮುಟ್ಟುತ್ತಾ ಹೋದಳು. ನಡುವೆಲ್ಲ ತಣ್ಣಗಿತ್ತು. ಎಂಜಿನಿಗೆ ಬೋಲ್ಟು ಹಾಕಿದ ಅರ್ತ್ ತುದಿಯಲ್ಲಿ ಮಾತ್ರ ಕೈ ಇಡಲಾಗಲಿಲ್ಲ.

"ವಯರು ಎಂತ ಮಾಡ್ತದೆ, ಪಾಪ! ಬೋಲ್ಟು ಬಿಚ್ಚಿದ್ದು ಯಾರು?"

ಬಾವಾಕನೇ. ನಿಷೇಧದ ದಿನಗಳಲ್ಲಿ ಬೋಟಿಗೆ ಬಣ್ಣ ಹೊಡೆಯುವುದು ವಾಡಿಕೆ. ಅವನು ಎಂಜಿನನ್ನೂ ಬಿಡದೆ, ಬೋಲ್ಟು ಬಿಚ್ಚಿ, ದಪ್ಪಗೆ ಹಸಿರು ಹೊಡೆದು, ಬಣ್ಣದ ಮೇಲೇ ವಯರನ್ನು ಮತ್ತೆ ಬಿಗಿದಿದ್ದ. ಮೆಕ್ಯಾನಿಕ್ಕಿನ ದಪ್ಪ ವಯರೂ ಅದರ ಮೇಲೇ ಬಿಗಿದದ್ದು. ಕಬ್ಬಿಣಕ್ಕೆ ತಾಗಬೇಕಾದ ತುದಿ ಬಣ್ಣದ ಮೇಲೆ ಕೂತು, ಕರೆಂಟು ಸರಿಯಾಗಿ ದಾಟಲಾಗದೆ ಕಾಯುತ್ತಿತ್ತು. ಕೆರೆದರೆ ಮುಗಿಯಿತು. ಆದರೆ ಮಸೀದಿಯ ಉಸ್ತಾದರು ಬಂದು ಪ್ರಾರ್ಥಿಸಿ ದುವಾ ಮಾಡಿ ಹೋದ ಮೇಲೆ, ಮೊದಲ ಮೀನು ಬರುವ ತನಕ ಬೋಟಿನ ಬಣ್ಣ ಕೆರೆಯಬಾರದೆಂಬುದು ಅವನ ಮನೆಯ ಪದ್ಧತಿ.

"ದುವಾ ಆದ ಬೋಟನ್ನು ಕೆರೆಯುವುದುಂಟಾ ಲೂರ್ಡ್ಸ್ ಬಾಯಿ? ಬೇರೆ ಎಂತಾದರೂ ಮಾಡಿ."

"ಬೇರೆ ಎಂತದೂ ಇಲ್ಲ ಬಾವಾಕ. ದುವಾ ಮಾಡಿಸಿದ್ದು ಬಣ್ಣಕ್ಕಾ, ಒಳಗೆ ಕೂರುವವರಿಗಾ?"

ಬಾವಾಕನ ಮುಖ ಕೆಂಪಾಯಿತು. ಬೇಗ ಇಳಿಯಿರಿ, ಹೊತ್ತಾಯಿತು ಎಂದು ಗದರಿದ. ಲೂರ್ಡ್ಸ್ ಎಂಜಿನಿನ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಕೆರೆಯದೆ ನಾನು ಇಳಿಯುದಿಲ್ಲ. ಹೀಗೇ ಬೋಟು ಬಿಡುದಾದರೆ ನಾನೂ ಬರ್ತೇನೆ. ಅಶ್ಕರ್ ಹೋಗಬಹುದಾದರೆ ನನಗೆಂತ?"

ಬಾವಾಕ ದಡದಲ್ಲಿ ಬಲೆ ಎತ್ತುತ್ತಿದ್ದ ಮಗನನ್ನು ನೋಡಿದ. ಆಮೇಲೆ ಲೂರ್ಡ್ಸಳ ಕೈಯಿಂದ ಉಪ್ಪುಕಾಗದ ಕಿತ್ತುಕೊಂಡ.

"ದೇವರ ಹೆಸರಲ್ಲಿ ಬಿಸ್ಮಿ ಹೇಳಿ ನಾನೇ ಕೆರೆಯುತ್ತೇನೆ. ನೀವು ಮುಟ್ಟಬೇಡಿ."

ಬೋಲ್ಟಿನ ಸುತ್ತ ಕಬ್ಬಿಣ ಹೊಳೆಯುವ ತನಕ ಉಜ್ಜಿದ. ಲೂರ್ಡ್ಸ್ ವಯರು ಬಿಗಿದಳು. ಎಂಜಿನ್ ಚಾಲೂ ಆಯಿತು, ಮತ್ತೆ ಕಾಯುತ್ತದೋ ಎಂದು ಬಾವಾಕ ಆ ತುದಿಯನ್ನು ಅಂಗೈಯಲ್ಲಿ ಹಿಡಿದು ಕೂತ. ಬೇರೆಯವರ ಒಂದೊಂದೇ ಬೋಟು ಅಳಿವೆ ದಾಟಿ ಕಡಲಿಗೆ ಇಳಿಯತೊಡಗಿತು.

"ಬಾಪಾ, ಎಲ್ಲರೂ ಹೋದರು!" ಅಶ್ಕರ್ ಬೋಟಿಗೆ ಹತ್ತಿ ಮೇಲಿನಿಂದ ಕೂಗಿದ.

"ಹೋಗಲಿ ಮಾರಾಯ," ಎಂದ ಬಾವಾಕ, ಕೈ ತೆಗೆಯದೆ. "ಇನ್ನೂ ಸ್ವಲ್ಪ ಓಡಲಿ. ನೀನು ಹೋಗುವ ಬೋಟು ಇದು."