ಅಪ್ಪ ಮುಗಿಸದ ಮಾತು

ನಾನು ಸುರಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಇಲ್ಲದ್ದನ್ನು ಇದೆ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು... ಹೋದ ಚಳಿಗಾಲದ ಆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯ ಮೇಲೆ ಲಕ್ವಾ ಹೊಡೆದು ಮಾತು ಬಿದ್ದುಹೋಯಿತು. ಒಂದೂವರೆ ವರ್ಷ, ನನ್ನನ್ನು ಕಂಡಾಗಲೆಲ್ಲ "ಮಾ... ಮಾ..." ಎನ್ನುತ್ತಿದ್ದರು. ಮಾತ್ರೆ ಕೇಳುತ್ತಾರೆಂದು ನಾನು ಮಾತ್ರೆ ಕೊಡುತ್ತಿದ್ದೆ. ಅವರು ಅಲ್ಲವೆಂಬಂತೆ ತಲೆಯಾಡಿಸುತ್ತಿದ್ದರು.

ಒಂದು ಸಂಜೆ ನನ್ನ ಕೈಗೆ ಹೊಡೆದುಬಿಟ್ಟರು. ಮಾತ್ರೆಗಳೆಲ್ಲ ನೆಲದ ಮೇಲೆ ಚೆಲ್ಲಿದವು. "ಸಾಕು ಮಾಡಪ್ಪ," ಎಂದು ಗದರಿಸಿ, ಬಾಗಿಲು ಹಾಕಿಕೊಂಡು ಹೊರಬಂದೆ.

ಬೆಳಗಾಗುವುದರೊಳಗೆ ಅಪ್ಪ ಇರಲಿಲ್ಲ.

ಆಮೇಲೆ ನನ್ನ ನಿದ್ದೆ ಹೋಯಿತು. ಕೊನೆಗೆ ಯಾದಗಿರಿಯ ಡಾಕ್ಟರೊಬ್ಬರ ಬಳಿ ಹೋದೆ. ಎಲ್ಲ ಕೇಳಿಸಿಕೊಂಡು ಅವರು, "ಕಥಿ ಬರೀರಿ," ಎಂದರು. "ನಡೆದದ್ದಲ್ಲ. ನಡೀಬೇಕಾಗಿತ್ತಲ್ಲ, ಅದು. ಕಥಿಯೊಳಗರೆ ನಿಮ್ಮ ತಂದಿಯವರ ಮಾತು ಮುಗಿಯೂತನಕ ಕುಂದರ್ರಿ."

ದಿನವೂ ಸಂಜೆ ಅಪ್ಪನ ಕೋಣೆಯಲ್ಲಿ, ಅವರ ಮಂಚಕ್ಕೆ ಒರಗಿ ಬರೆಯತೊಡಗಿದೆ. ಕಥೆಯಲ್ಲಿ ನಾನು ಹೊರಗೆ ಹೋಗಲಿಲ್ಲ. ಅಪ್ಪನ ಕೈ ಹಿಡಿದು ಕುಳಿತೆ. ಆದರೆ "ಮಾ" ಎಂದ ಮೇಲೆ ಏನು? ಎರಡು ವಾರ ಪೆನ್ನು ಅಲ್ಲೇ ನಿಂತಿತ್ತು.

ಆ ದಿನ ಏಳರ ಸುಮಾರಿಗೆ ಕರೆಂಟು ಹೋಯಿತು. ಬ್ಯಾಟರಿ ದೀಪದ ಬೆಳಕಿನಲ್ಲಿ ಕುಳಿತಿದ್ದೆ. ಇದ್ದಕ್ಕಿದ್ದಂತೆ ಡೀಸೆಲ್ ವಾಸನೆ... ಡ್ಯೂಟಿ ಮುಗಿಸಿ ಬಂದ ಅಪ್ಪನ ಖಾಕಿ ಅಂಗಿಗೆ ಇರುತ್ತಿತ್ತಲ್ಲ, ಅದೇ. ಹಿಂದೆ ಮಂಚ ಕಿರ್ರ್... ಎಂದಿತು. ಅಷ್ಟರಲ್ಲಿ ಪೆನ್ನು ಓಡತೊಡಗಿತ್ತು. ಕಥೆಯ ಅಪ್ಪ ಹೇಳುತ್ತಿದ್ದರು: "ಮಾನಮ್ಮಗ ಹೇಳು, ಇನ್ನ ನನ್ನ ಹಾದಿ ಕಾಯಬ್ಯಾಡ ಅಂತ."

ಮಾನಮ್ಮ ಯಾರೋ ನನಗೆ ಗೊತ್ತಿರಲಿಲ್ಲ. ಕೈಗೆ ಬಂದ ಹೆಸರು ಬರೆದಿದ್ದೆ, ಅಷ್ಟೆ. ಆದರೂ ನಾಲ್ಕು ತಿಂಗಳಲ್ಲಿ ಮೊದಲ ಸಲ ಮನಸ್ಸು ಬಿಚ್ಚಿ ಅತ್ತೆ.

ಒಂಬತ್ತರ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು.

ಅರವತ್ತು ದಾಟಿದ ಹೆಂಗಸು. ಕೈಯಲ್ಲೊಂದು ಬಟ್ಟೆಯ ಗಂಟು. ಅದರಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ವಾಸನೆ.

"ಡ್ರೈವರ್ ಸಾಹೇಬ್ರ ಮನಿ ಇದೇ ಏನ್ರಿ? ನಾ ಕಕ್ಕೇರಾದಾಕಿ. ಮಾನಮ್ಮ."

ನನ್ನ ಕೈ ಚಿಲಕದ ಮೇಲೇ ಉಳಿಯಿತು...

ಕಕ್ಕೇರಾದಲ್ಲಿ ಆಕೆಯದು ಸಣ್ಣ ಖಾನಾವಳಿಯಂತೆ. ಅಪ್ಪ ಆ ರೂಟಿನಲ್ಲಿದ್ದಷ್ಟು ವರ್ಷ ರಾತ್ರಿಯೂಟ ಅಲ್ಲೇ. ನಿವೃತ್ತಿಯ ಮೇಲೂ ಅಮಾವಾಸ್ಯೆಗೊಮ್ಮೆ ಹೋಗಿ ಉಂಡು ಬರುತ್ತಿದ್ದರಂತೆ. ನನಗೆ ಹೇಳಿರಲಿಲ್ಲ.

"ಎರಡು ವರ್ಷ ಆತು, ಬಂದಿಲ್ಲ. ಫೋನೂ ಬಂದ್ ಇತ್ತು. ಮನಿತನಕ ಬರಾಕ ನನಗ ಧೈರ್ಯ ಆಗ್ಲಿಲ್ಲ. ಅಮಾಸಿಗೊಮ್ಮೆ ಅವ್ರ ಪಾಲಿಂದು ತೆಗೆದಿಡ್ತೀನ್ರಿ. ನನಗ ಮತ್ಯಾರದಾರ."

"ಅಪ್ಪ ತೀರಿಕೊಂಡು ನಾಲ್ಕು ತಿಂಗಳಾತ್ರಿ," ಎಂದೆ ಮೆಲ್ಲಗೆ.

ಆಕೆ ನನ್ನನ್ನೇ ದಿಟ್ಟಿಸಿದಳು. "ಹಂಗ ಅನಬ್ಯಾಡ್ರಿ. ಇವತ್ತ ಸಂಜಿಗಿ ಫೋನ್ ಮಾಡ್ಯಾರಲ್ಲ. ಇನ್ನ ನನ್ನ ಹಾದಿ ಕಾಯಬ್ಯಾಡ ಅಂದ್ರು. ಜೀವ ತಡೀಲಿಲ್ಲ. ಬಸ್ ಹತ್ತಿ, ಮನಿ ಕೇಳಿಕೋಂತ ಬಂದೆ."

ಸೆರಗಿನ ಗಂಟಿನಿಂದ ಫೋನು ತೆಗೆದು ತೋರಿಸಿದಳು. ಏಳು ಗಂಟೆ ಹತ್ತು ನಿಮಿಷ. ನಾಲ್ಕು ನಿಮಿಷದ ಕರೆ.

ನಂಬರು ನನ್ನದು.

ನನ್ನ ಫೋನಿನಲ್ಲಿ ಆ ಕರೆಯ ಗುರುತೇ ಇರಲಿಲ್ಲ. ಸಂಜೆಯಿಡೀ ಅದು ನನ್ನ ಬೆನ್ನ ಹಿಂದೆ, ಮಂಚದ ಮೇಲಿತ್ತು.

"ದನಿ... ಹೆಂಗಿತ್ರಿ?"

"ಚೊಲೋ ಇತ್ತು, ಮೊದಲಿನಂಗ. ಆದ್ರ ಭಾಳ ಸಣ್ಣಗ ಮಾತಾಡಿದ್ರು. ಯಾಕ್ರಿ ಅಂದೆ. ಮಗಳು ಇಲ್ಲೇ ಮಗ್ಗಲದಾಗ ಕುಂತು ಬರಿಯಾಕತ್ತಾಳ, ಆಕಿಗಿ ತೊಂದ್ರಿ ಆಗಬಾರದು ಅಂದ್ರು."

ಆ ರಾತ್ರಿ ಮಾನಮ್ಮ ನಮ್ಮಲ್ಲೇ ಉಳಿದಳು. ಇಬ್ಬರೂ ಮಲಗಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಹೋದಳು.

ಈಗ ಅಮಾವಾಸ್ಯೆಗೊಮ್ಮೆ ನಾನೇ ಕಕ್ಕೇರಾಕ್ಕೆ ಹೋಗುತ್ತೇನೆ. ಡಾಕ್ಟರು, "ಆರಾಮಾಗಾಕತ್ತೀರಿ," ಎನ್ನುತ್ತಾರೆ. ಬರೆಯುವುದನ್ನೂ ಬಿಟ್ಟಿಲ್ಲ.

ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ... ಅಪ್ಪನ ನಾಲಿಗೆ ಬಿಚ್ಚಿದ ಆ ನಾಲ್ಕು ನಿಮಿಷ ನಾನು ಅವರ ಪಕ್ಕದಲ್ಲೇ ಇದ್ದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.