ಕುರುಬರಹಳ್ಳಿಯ ಹಗೇವು

ಬೆಂಗಳೂರಿಗೆ ಬಂದ ಎರಡನೇ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ನಾನು ಏಣಿ ಹಿಡಿದು ಬೇರೊಬ್ಬರ ಮನೆಯ ನೆಲದೊಳಕ್ಕೆ ಇಳಿದೆ. ತಲೆಯ ಮೇಲೆ ತಟ್ಟೆಯಗಲದ ಬೆಳಕು, ಸುತ್ತ ಹಳೆಯ ರಾಗಿಯ ವಾಸನೆ. ಹನ್ನೆರಡು ವರ್ಷ ವಾರಪತ್ರಿಕೆಗಳಿಗೆ ದೆವ್ವದ ಕಥೆ ಬರೆದ ನನಗೆ ಅಂದು ಮೈ ಜುಮ್ಮೆಂದಿತು.

ಗಂಡನಿಗೆ ವರ್ಗವಾಗಿ ನಾವು ವಿಜಾಪುರ ಬಿಟ್ಟದ್ದು ಎಂಬತ್ತೈದರಲ್ಲಿ. ಮನೆ ಸಿಕ್ಕಿದ್ದು ಬಸವೇಶ್ವರನಗರದಲ್ಲಿ. ಹೊಸ ಸಿಮೆಂಟು, ಹೊಸ ರಸ್ತೆ, ನೆರಳನ್ನೂ ಕೊಡದಷ್ಟು ಎಳೆಯ ಗಿಡಗಳು. ನಮ್ಮೂರಲ್ಲಿ ಸಂತೆಗೆ ಹೋಗಲೂ ಪಾಳು ಕಮಾನು ದಾಟಬೇಕು. ನನ್ನ ದೆವ್ವಗಳೆಲ್ಲ ಅಲ್ಲಿ ಹುಟ್ಟಿದವು. ಇಲ್ಲಿ ಅವಕ್ಕೆ ನಿಲ್ಲಲು ಒಂದು ಮೂಲೆಯಿರಲಿಲ್ಲ. ನಾನು "ಕೊಡ್ರೀ" ಎಂದರೆ ಅಂಗಡಿಯವನು ಯಾವೂರು ಎಂದು ಕೇಳುತ್ತಿದ್ದ. ದಿನವಿಡೀ ನನ್ನೊಡನೆ ಮಾತಾಡುತ್ತಿದ್ದವರು ಹಾಲು ಹಾಕುವ ಕೆಂಪಮ್ಮ ಒಬ್ಬರೇ.

ಹಳೆಯ ಕಟ್ಟಡ ಎಲ್ಲಾದರೂ ಉಂಟೇ ಎಂದು ಕೇಳಿದಾಗ ಅವರು ಕುರುಬರಹಳ್ಳಿಯ ತಮ್ಮ ತೊಟ್ಟಿ ಮನೆಗೇ ಕರೆದೊಯ್ದರು. ತೊಟ್ಟಿ ಎಂದರೆ ನೀರಿನದು ಎಂದುಕೊಂಡಿದ್ದೆ. ಇಲ್ಲಿ ಅದು ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಮೊಳದಪ್ಪದ ಮಣ್ಣಿನ ಗೋಡೆ, ತಬ್ಬಿದರೆ ಕೈಗೆ ಸಿಗದ ಹಲಸಿನ ಕಂಬ. ನಮ್ಮೂರ ಗುಮ್ಮಟ ತಲೆಯೆತ್ತಿಸಿ ಬೆರಗು ಹುಟ್ಟಿಸುತ್ತದೆ. ಈ ಮನೆ ತಲೆ ಬಗ್ಗಿಸಿಯೇ ಹುಟ್ಟಿಸಿತು. ಹಜಾರದ ಚಪ್ಪಡಿ ಸರಿಸಿ, ಕಾಳು ತುಂಬಿಡುತ್ತಿದ್ದ ಹಗೇವನ್ನು ತೋರಿಸಿದರು. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆಂದು ಮೊದಲು ಲಾಟೀನು ಇಳಿಬಿಟ್ಟರು. ಅದು ಉರಿಯಿತು, ನಾನು ಇಳಿದೆ. ಮಣ್ಣು ಮೆತ್ತಿದ ಹೆಂಗಸರ ಬೆರಳ ಗುರುತು ಗೋಡೆಯ ತುಂಬ ಹಾಗೇ ಇತ್ತು. ಕೆಂಪಮ್ಮನ ಅತ್ತೆಯ ಅತ್ತೆಯ ಕಾಲದ್ದಂತೆ. ಒಂದು ಗುರುತಿನ ಮೇಲೆ ಅಂಗೈ ಇಟ್ಟೆ. ಸರಿಹೊಂದಿತು. ಎಷ್ಟು ಹೊತ್ತು ಹಾಗೇ ನಿಂತೆನೋ!

ವಾರದಲ್ಲಿ ಕಥೆ ಮುಗಿಸಿ ಪತ್ರಿಕೆಗೆ ಕಳಿಸಿದೆ. ಹಗೇವಿನಲ್ಲಿ ಹೂತ ಸೊಸೆಯ ಕಥೆ. ಹೆಮ್ಮೆಯಿಂದ ಕೆಂಪಮ್ಮನಿಗೆ ಹೇಳಿದಾಗ ಹಾಲು ಅಳೆಯುತ್ತಿದ್ದ ಅವರ ಕೈ ನಿಂತಿತು.

"ಮೊಮ್ಮಗಳಿಗೆ ಗಂಡು ಗೊತ್ತಾಗೈತೆ ಕಣಮ್ಮಾ. ಈ ಸುತ್ತಿನಲ್ಲಿ ಉಳಿದಿರೋ ಹಗೇವು ನಮ್ದೊಂದೇ. ಕಥೆ ಓದಿದೋರು ಏನಂದ್ಕೋತಾರೆ?"

ಮರುದಿನ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ಕಥೆ ವಾಪಸು ಕೇಳಲು ಪತ್ರಿಕೆಯ ಕಚೇರಿ ಹುಡುಕಿದೆ. ಅಚ್ಚಿಗೆ ಮೊಳೆ ಜೋಡಿಸಿಯಾಗಿತ್ತು. ಸಂಪಾದಕರು ಊರ ಹೆಸರು ಬದಲಿಸೋಣ ಎಂದರು. ಊರ ಹೆಸರು ಬದಲಾದರೂ ಹಗೇವು ಹಗೇವೇ ಅಲ್ಲವೇ? ನಾನು ಒಪ್ಪಲಿಲ್ಲ. ನೀವು ಬರೆದದ್ದರಲ್ಲೇ ಇದು ಒಳ್ಳೆಯದು ಎಂದು ಬೇಸರದಿಂದ ಹಸ್ತಪ್ರತಿ ಮರಳಿಸಿದರು; ಇನ್ನು ಕಳಿಸಬೇಡಿ ಎಂದೂ ಹೇಳಿದರು. ಬಸ್ಸಿನಲ್ಲಿ ಅಳುತ್ತ ಬಂದೆ. ಒಳ್ಳೆಯ ಕಥೆ ಎಂಬ ಅವರ ಮಾತು ನಿಜವಾಗಿತ್ತು.

ಮದುವೆ ಆ ತೊಟ್ಟಿಯಲ್ಲೇ ನಡೆಯಿತು. ಬೀಗಿತ್ತಿ ನನ್ನ ಪಕ್ಕ ಕೂತು, ನೀವು ಯಾವ ಕಡೆಯವರು ಎಂದು ಕೇಳಿದರು. ವಿಜಾಪುರದ ಕಡೆ ಎಂದೆ. ಅವರು ಕೇಳಿದ್ದು ಅದಲ್ಲ ಎಂದು ಹೊಳೆಯುವಷ್ಟರಲ್ಲಿ ಕೆಂಪಮ್ಮ ನನ್ನ ಕೈಗೆ ಅಕ್ಷತೆ ಹಾಕುತ್ತ, "ಹೆಣ್ಣಿನ ಕಡೇವ್ರು" ಎಂದರು.

ಎರಡೂ ನಿಜವಾಗಿತ್ತು.