ಧರೆಪ್ಪ ಮತ್ತು ಬೆಚ್ಚನೆಯ ಕಟ್ಟೆ

ನಿಡಗುಂದಿಯ ಧರೆಪ್ಪ ಆಲಮಟ್ಟಿ ಅಣೆಕಟ್ಟಿನ ವರ್ಕ್‌ಶಾಪಿನಲ್ಲಿ ಆರು ವರ್ಷ ಪೈಪು ಹೊತ್ತ. ಹೊರುತ್ತ ಹೊರುತ್ತ ಜೋಡಿಸುವುದನ್ನೂ ಕಲಿತ. ಆಮೇಲೆ ಹ್ಯಾಂಡಲಿಗೆ ನಟ್ಟು ತಿರುಗಿಸುವ ಪಾನಾ, ಸುತ್ತಿಗೆಗಳ ಚೀಲ ಕಟ್ಟಿ, ಉದ್ದನೆಯ ಕಬ್ಬಿಣದ ಸರಳನ್ನು ಸೈಕಲ್ಲಿಗೆ ಅಡ್ಡ ಬಿಗಿದು ಊರೂರು ಸುತ್ತತೊಡಗಿದ. ಮುದ್ದೇಬಿಹಾಳದಿಂದ ಸಿಂದಗಿಯವರೆಗೆ ಎಲ್ಲಿ ನಳ ಕಟ್ಟಿಕೊಂಡರೂ ಜನ ಅವನನ್ನೇ ಕರೆಯುತ್ತಿದ್ದರು. ಪೈಪಿನ ಮೇಲೆ ಸುತ್ತಿಗೆಯಿಂದ ಟಣ್ ಟಣ್ ಬಡಿಯುತ್ತ ಹೋಗಿ, ಸಪ್ಪಳ ಮಂದವಾದ ಕಡೆ ನಿಂತು "ಇಲ್ಲೇ ಐತಿ" ಅನ್ನುತ್ತಿದ್ದ. ತಪ್ಪಿದ್ದು ಅಪರೂಪ.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಬಸವನ ಬಾಗೇವಾಡಿಯ ಬಸಂತರಾಯ ಸಾವುಕಾರರ ವಾಡೆಯಿಂದ ಕರೆ ಬಂತು. ಸಾವುಕಾರರು ಪುಣೆಯಲ್ಲಿ ಯಾವುದೋ ಹಳೆಯ ಬಂಗಲೆ ನೋಡಿ ಬಂದು, ತಮ್ಮ ವಾಡೆಯಲ್ಲೂ ಅಂಥದ್ದೇ ವ್ಯವಸ್ಥೆ ಮಾಡಿಸಿದ್ದರು. ಹಿತ್ತಲಲ್ಲಿ ನೀರು ಕಾಯಿಸುವ ದೊಡ್ಡ ತಾಮ್ರದ ಬಂಬ. ಅಲ್ಲಿಂದ ಬಿಸಿನೀರಿನ ಪೈಪು ಗೋಡೆ ಕೊರೆದು ಅಡುಗೆಮನೆಗೆ ಬಂದು, ಪಡಸಾಲೆಯ ಕಲ್ಲುಕಟ್ಟೆಯ ಹೊಟ್ಟೆಯೊಳಗೆ ಸುತ್ತಿ ಬಂಬಕ್ಕೇ ಮರಳುತ್ತಿತ್ತು. ಕಟ್ಟೆ ಬೆಚ್ಚಗಾದರೆ ಸಾವುಕಾರರ ತಾಯಿ ಚನ್ನವ್ವನ ಮೊಣಕಾಲಿಗೆ ಹಿತ. ಆದರೆ ಬಾವಿಯ ಗಡಸು ನೀರು ನಾಲ್ಕೇ ವರ್ಷದಲ್ಲಿ ಪೈಪಿನೊಳಗೆ ಸುಣ್ಣ ಕಟ್ಟಿಸಿತ್ತು. ಬಂಬ ಗುಡುಗುತ್ತಿತ್ತು, ಕಟ್ಟೆ ಮಾತ್ರ ತಣ್ಣಗೆ.

ಧರೆಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ. ಸಾವುಕಾರರು ಮೇಲಿಂದ ಕೆಳಗೆ ನೋಡಿದರು.

"ಹಿತ್ತಲದಾಗ ಏನ್ ಮಾಡ್ತಿ ಮಾಡು. ಅಡಗಿಮನಿಯೊಳಗ ಮಾತ್ರ ಕಾಲಿಡಬ್ಯಾಡ."

"ಹೌದ್ರಿ ಸಾವುಕಾರ್ರ," ಅಂದ ಧರೆಪ್ಪ. ಹೊಲೆಗೇರಿಯಲ್ಲಿ ಹುಟ್ಟಿದವನಿಗೆ ಈ ಮಾತು ಹೊಸದಲ್ಲ. ಆದರೆ ಪ್ರತಿ ಸಲವೂ ಎದೆಯಲ್ಲಿ ಸಣ್ಣಗೆ ಉರಿಯುವುದು ತಪ್ಪಿರಲಿಲ್ಲ. ಅವತ್ತು ಉರಿಯ ಜೊತೆಗೆ ಒಂದು ತುಂಟ ಯೋಚನೆಯೂ ಹುಟ್ಟಿತು.

ಬಂಬದ ಬೆಂಕಿ ಹಿಂದಿನ ದಿನವೇ ಆರಿತ್ತು. ನೀರು ಇಳಿಸಿ, ಹೊರಗಿನ ಜೋಡಣೆ ಬಿಚ್ಚಿ, ಸರಳು ತೂರಿಸಿ ನೋಡಿದ. ಗೋಡೆಯ ದಪ್ಪದೊಳಗೇ ಸುಣ್ಣದ ಗಂಟು ಸಿಕ್ಕಿತು. ನಿಂತಲ್ಲಿಂದಲೇ ನಾಲ್ಕು ಪೆಟ್ಟು ಕೊಟ್ಟರೆ ಮುಗಿಯುತ್ತಿತ್ತು. ಧರೆಪ್ಪ ಸರಳು ಹೊರಗೆಳೆದು, ಕೈ ಒರೆಸಿಕೊಂಡ.

"ಹೊರಗಿನ ಕೆಲಸ ಮುಗೀತ್ರಿ. ಇನ್ನ ಒಳಗಿಂದ ತಗೀಬೇಕ್ರಿ."

"ಯಾರು ತಗೀಬೇಕು?"

"ಒಳಗ ಕಾಲಿಡಾಕ ಬರುವವರು ಯಾರರ ಇದ್ರ, ನಾ ಕಿಡಿಕ್ಯಾಗಿಂದ ಹೇಳಿಕೊಡ್ತೇನ್ರಿ."

ಆಳುಗಳೆಲ್ಲ ಹೊಲದಲ್ಲಿದ್ದರು. ಕಟ್ಟೆಯ ಮೇಲೆ ಕೌದಿ ಹೊದ್ದು ಕೂತಿದ್ದ ಚನ್ನವ್ವ, "ಬಸಂತಾ, ನನ್ನ ಕಾಲು ಮರಗಟ್ಟಾಕತ್ತಾವು, ನೀನ ಮಾಡಪ್ಪಾ," ಅಂದಳು. ಸಾವುಕಾರರು ಧೋತರ ಮೇಲೆ ಕಟ್ಟಿ ಪಾನಾ ಹಿಡಿದರು.

ವರ್ಕ್‌ಶಾಪಿನ ಮುಕಾದಮ ತನ್ನ ಮೇಲೆ ಆರು ವರ್ಷ ಒದರಿದ್ದನ್ನೆಲ್ಲ ಧರೆಪ್ಪ, ಹಿಂದೊಂದು 'ರಿ' ಹಚ್ಚಿ, ಅರ್ಧ ತಾಸಿನಲ್ಲಿ ಮರಳಿಸಿದ.

"ಎಡಕ್ಕ ತಿರುವ್ರಿ! ಎಡಗೈ ಯಾವುದು ಗೊತ್ತಿಲ್ಲೇನ್ರಿ? ಜೋರು ಹಚ್ರಿ! ಮುಂಜಾನೆ ರೊಟ್ಟಿ ತಿಂದಿಲ್ಲೇನ್ರಿ?"

ರೊಟ್ಟಿ ಬಡಿಯುತ್ತಿದ್ದ ಸಾವುಕಾರರ ಹೆಂಡತಿ ಇಂದುಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಅಂತೂ ಒಳಗಿನ ಜೋಡಣೆ ಬಿಚ್ಚಿತು.

"ಈಗ ಪೈಪಿಗೆ ಕಿವಿ ಹಚ್ರಿ. ಸಪ್ಪಳ ಬಂದ್ರ ಹೇಳ್ರಿ."

ಸಾವುಕಾರರು ಕಿವಿ ಹಚ್ಚಿದರು. ಧರೆಪ್ಪ ಹೊರಗಿನಿಂದ ಒಂದು ತಂಬಿಗೆ ನೀರು ಹೊಯ್ದು, ಸರಳಿನಿಂದ ನಾಲ್ಕು ಪೆಟ್ಟು ಹಾಕಿದ. ಗಂಟು ಒಡೆಯಿತು. ತುಕ್ಕು, ಸುಣ್ಣ, ನಾಲ್ಕು ವರ್ಷದ ರಾಡಿ ಎಲ್ಲ ಒಮ್ಮೆಲೇ ಸಾವುಕಾರರ ಕಿವಿ, ಮೀಸೆ, ರುಮಾಲಿನ ಮೇಲೆ ಬಂದು ಬಿತ್ತು.

"ಸಪ್ಪಳ ಬಂತೇನ್ರಿ?" ಧರೆಪ್ಪ ಕಿಟಕಿಯಿಂದ ಬಹಳ ವಿನಯದಿಂದ ಕೇಳಿದ.

ಚನ್ನವ್ವ ಕೌದಿಯೊಳಗೇ ಅಲುಗಾಡುತ್ತ ನಗತೊಡಗಿದಳು. ಇಂದುಬಾಯಿಗೆ ಇನ್ನು ಸೆರಗು ಸಾಲಲಿಲ್ಲ.

ಜೋಡಣೆ ಮತ್ತೆ ಕೂಡಿಸಿದರು. ಧರೆಪ್ಪ ಬಂಬಕ್ಕೆ ನೀರು ಬಿಟ್ಟ. ಸಾವುಕಾರರು ಸೊಟ್ಟಗೆ ಕೂಡಿಸಿದ್ದರು. ನೀರು ಕಾರಂಜಿಯ ಹಾಗೆ ಚಿಮ್ಮಿ ಹಿಟ್ಟಿನ ಪರಾತದ ಮೇಲೆ ಸುರಿಯಿತು. ಸಾವುಕಾರರು ಎರಡೂ ಕೈಯಿಂದ ಪೈಪು ಒತ್ತಿ ಹಿಡಿದರು.

"ಏ ಧರೆಪ್ಪಾ, ಒಳಗ ಬಾರೋ!" ಇಂದುಬಾಯಿ ಕೂಗಿದಳು.

ಧರೆಪ್ಪ ಓಡಿ ಬಂದು ಹೊಸ್ತಿಲಿನ ಆಚೆಗೇ ನಿಂತ. "ಸಾವುಕಾರ್ರು ಹೇಳ್ಲಿರಿ."

"ಬಾರೋ ಮಾರಾಯಾ, ಬಾ!"

"ಕಾಲಿಡಬ್ಯಾಡ ಅಂದಿದ್ರಿ..."

"ಅಂದಿದ್ದೆ! ಈಗ ನಾನ ಬಾ ಅನ್ನಾಕತ್ತೇನಿ!"

ಧರೆಪ್ಪ ಹೊಸ್ತಿಲು ದಾಟಿದ. ಅಷ್ಟು ಹೊತ್ತು ಆಟವಾಡಿದವನ ಎದೆ ಆಗ ಮಾತ್ರ ಡವಡವ ಹೊಡೆದುಕೊಂಡಿತು. ಎರಡು ನಿಮಿಷದಲ್ಲಿ ಜೋಡಣೆ ಬಿಗಿದು ತಲೆ ಎತ್ತಿ ನೋಡಿದರೆ, ತನ್ನ ಮನೆಯದೇ ಹೊಗೆ ಹಿಡಿದ ಗೋಡೆ, ತನ್ನ ಹೆಂಡತಿ ಸಾವಂತ್ರವ್ವ ಬಡಿಯುವಂಥದೇ ರೊಟ್ಟಿ. ಇಷ್ಟಕ್ಕೇನಾ ಅನಿಸಿತು.

ಬೆಂಕಿ ಹಾಕಿದ ಮೇಲೆ ಕಟ್ಟೆ ಮೆಲ್ಲಗೆ ಬೆಚ್ಚಗಾಯಿತು. ಚನ್ನವ್ವ ಮನೆಯವರ ಕಪ್ಪಿನಲ್ಲೇ ಚಹಾ ತರಿಸಿ ಕೊಟ್ಟಳು. ಸಾವುಕಾರರು ಬಾಯಿ ತೆರೆದರು. ಮೀಸೆಯ ರಾಡಿ ಬಾಯಿಗಿಳಿದೀತೆಂದೋ ಏನೋ, ಮತ್ತೆ ಮುಚ್ಚಿದರು. ಧರೆಪ್ಪ ಕಪ್ಪು ಕೆಳಗಿಡುವಾಗ ಚನ್ನವ್ವ ಬಗ್ಗಿ ಮೆಲ್ಲಗೆ ಕೇಳಿದಳು: "ಖರೆ ಹೇಳು. ಗಂಟು ಹೊರಗಿಂದ ಬರ್ತಿರಲಿಲ್ಲೇನು?"

"ಬರ್ತಿತ್ರಿ ಅವ್ವಾರ," ಅಂದ ಧರೆಪ್ಪ. ಮುದುಕಿಯ ಮುಂದೆ ಸುಳ್ಳು ಬರಲಿಲ್ಲ.

"ಅಂವಗ ಹೇಳಬ್ಯಾಡ," ಅಂದಳು ಅವಳು.

ಮನೆಯಲ್ಲಿ ಇದನ್ನು ಕೇಳಿ ಸಾವಂತ್ರವ್ವ ನಗಲಿಲ್ಲ. "ಕೈಕಾಲು ಮುರಿಸಿದ್ರ ಏನ್ ಮಾಡ್ತಿದ್ದಿ?" ಎಂದು ಬೈದಳು. ಅದೂ ನಿಜವೇ ಆಗಿತ್ತು. ಮರುವರ್ಷ ಇಂಡಿ ಊರಿನ ಒಂದು ಮನೆಯವರು ಅದೇ ಷರತ್ತು ಹಾಕಿದಾಗ ಅವನು ಆಟ ಹೂಡಲಿಲ್ಲ. ಸೈಕಲ್ ಹತ್ತಿ ಹೊರಟುಬಿಟ್ಟ.

ಬಾಗೇವಾಡಿಯ ವಾಡೆಗೆ ಮಾತ್ರ ಪ್ರತಿ ಚಳಿಗಾಲ ಹೋಗುತ್ತಿದ್ದ, ಅಡುಗೆಮನೆಗೂ ಹೋಗುತ್ತಿದ್ದ. ಸಾವುಕಾರರು ಬೆಚ್ಚನೆಯ ಕಟ್ಟೆಯ ಮೇಲೆ ಬೀಗರನ್ನು ಕೂಡಿಸಿಕೊಂಡು, "ಆ ಗಂಟು ತಗದಾಂವ ನಾನ," ಎಂದು ಹೇಳುವಾಗ ಅಲ್ಲೇ ಪಾನಾ ಒರೆಸುತ್ತಿದ್ದ ಧರೆಪ್ಪ ತಲೆಯಾಡಿಸುತ್ತಿದ್ದ.

"ಹೌದ್ರಿ. ಸಾವುಕಾರ್ರು ಕಿವಿ ಹಚ್ಚಿರಲಿಲ್ಲಂದ್ರ ಆಗ್ತಿರಲೇ ಇಲ್ರಿ."